ಮಾತು ನುಂಗಿದ ಆರು ಚಾನೆಲ್: ಹಳೆಯ ಗೇಮ್ ಒಂದರಲ್ಲಿ ಕೋಡೆಕ್‌ಗಳ ಜಗಳ

ವಿಂಡೋಸ್ ಎಕ್ಸ್‌ಪಿ ಕಾಲದ 32 ಬಿಟ್ ಗೇಮ್. ಆಡುತ್ತಿದ್ದುದು ವಿಂಡೋಸ್ 10ರ 64 ಬಿಟ್ ಕಂಪ್ಯೂಟರಿನಲ್ಲಿ, ಮಾಮೂಲಿ ಸ್ಟೀರಿಯೋ ಹೆಡ್‌ಫೋನ್ ಹಾಕಿಕೊಂಡು. ಆಡುತ್ತಿದ್ದವನು ನನ್ನ ತಂಗಿಯ ಮಗ. ಅವನ ದೂರು ಒಂದೇ ಸಾಲಿನದು: “ಮಾಮ, ಗೇಮ್‌ನಲ್ಲಿ ಸೌಂಡ್ ಸರಿಯಾಗಿ ಬರ್ತಿಲ್ಲ.”

ಇಷ್ಟರಿಂದ ಯಾರೂ ಏನನ್ನೂ ರಿಪೇರಿ ಮಾಡಲಾರರು. ಒಂದು ಗೇಮ್‌ನೊಳಗೆ ಸದ್ದು ಹಲವು ದಾರಿಗಳಲ್ಲಿ ಬರುತ್ತದೆ. ಯಾವ ಸದ್ದು ಕೆಟ್ಟಿದೆ, ಯಾವುದು ಚೆನ್ನಾಗಿದೆ ಎಂದು ಬಿಡಿಸಿಕೊಳ್ಳದೆ ಕೈ ಹಾಕಿದರೆ ಸರಿಯಾಗಿರುವುದನ್ನೂ ಕೆಡಿಸಿ ಬರುತ್ತೇವೆ. ಹಾಗಾಗಿ ಮೊದಲು ಅವನನ್ನು ಆಡಲು ಕೂರಿಸಿ, ಪಕ್ಕದಲ್ಲಿ ಕೂತು ಬರೆದುಕೊಂಡೆ.

ಹೆಜ್ಜೆ ಸಪ್ಪಳ, ಗುಂಡಿನ ಸದ್ದು, ಬಾಗಿಲ ಕಿರುಗುಟ್ಟುವಿಕೆ ಎಲ್ಲ ಸ್ವಚ್ಛ. ಹಿನ್ನೆಲೆ ಸಂಗೀತ ಶುರುವಾಗುತ್ತದೆ, ಒಂದು ಸುತ್ತು ಮುಗಿಯುತ್ತದೆ, ಆಮೇಲೆ ಮತ್ತೆ ಬರುವುದೇ ಇಲ್ಲ. ಕಥೆ ಹೇಳುವ ವಿಡಿಯೊ ತುಣುಕುಗಳಲ್ಲಿ, ಅಂದರೆ ಕಟ್‌ಸೀನ್‌ಗಳಲ್ಲಿ, ಸಂಗೀತವೂ ಸ್ಫೋಟದ ಸದ್ದೂ ಇವೆ. ಪಾತ್ರಗಳ ತುಟಿ ಅಲುಗುತ್ತದೆ, ಮಾತು ಮಾತ್ರ ಇಲ್ಲ. ಇಲ್ಲವೇ ಇಲ್ಲ ಎಂದರೂ ತಪ್ಪಾದೀತು: ಕಿವಿಗೊಟ್ಟು ಕೇಳಿದರೆ ಮಾತಿನ ಪ್ರತಿಧ್ವನಿ ದೂರದ ಬಾವಿಯಿಂದ ಬಂದಂತೆ ಕೇಳಿಸುತ್ತದೆ. ಆಟದ ನಡುವೆ ಪಾತ್ರಗಳು ಆಡುವ ಚಿಕ್ಕ ಚಿಕ್ಕ ಮಾತುಗಳ ಮೊದಲ ಅಕ್ಷರ ಕತ್ತರಿಸಿ ಹೋಗಿ, ಕೊನೆಯಲ್ಲಿ ಪಟ್ಟೆಂದು ಸಿಡಿಯುತ್ತದೆ. ಇದೆಲ್ಲಕ್ಕೂ ಮೊದಲು ಇನ್ನೊಂದು ವಿಚಿತ್ರ. ಗೇಮ್ ತೆರೆದ ಕೂಡಲೇ ಕಪ್ಪು ಪರದೆ ಬಂದು ನಿಂತುಬಿಡುತ್ತದೆ. ಸಿಕ್ಕ ಕೀಗಳನ್ನೆಲ್ಲ ಒತ್ತಿದರೆ ಮುಂದಕ್ಕೆ ಹೋಗುತ್ತದೆ.

ಕಂಪ್ಯೂಟರಿನ ಚರಿತ್ರೆಯನ್ನೂ ಕೇಳಿದೆ. ಸಿನಿಮಾ ನೋಡಲೆಂದು ಮೊದಲೇ ಒಂದು ಕೋಡೆಕ್ ಪ್ಯಾಕ್ ಹಾಕಲಾಗಿತ್ತು. ಕೋಡೆಕ್ ಎಂದರೆ ಸಂಕುಚಿಸಿಟ್ಟ ಸದ್ದನ್ನೂ ಚಿತ್ರವನ್ನೂ ಬಿಡಿಸುವ ಪ್ರೋಗ್ರಾಮ್, ಪ್ಯಾಕ್ ಎಂದರೆ ಅಂಥವುಗಳ ಕಟ್ಟು. ಗೇಮ್ ಹಾಕಿದ ದಿನದಿಂದಲೇ ಕಪ್ಪು ಪರದೆಯೂ ನಿಂತುಹೋಗುವ ಸಂಗೀತವೂ ಇದ್ದವು. “ಕೋಡೆಕ್ ಇಲ್ಲದಿರಬೇಕು, ಇನ್ನೊಂದು ಪ್ಯಾಕ್ ಹಾಕು” ಎಂದು ಯಾರೋ ಹೇಳಿದರು, ಹಾಕಿದ. ಮಾತು ಮಾಯವಾದದ್ದೂ ಸಿಡಿಯುವ ಸದ್ದು ಶುರುವಾದದ್ದೂ ಆಮೇಲೆ. ಗೇಮ್‌ಗಳ ಚಿತ್ರ, ಸದ್ದುಗಳಿಗೆಂದು ಮೈಕ್ರೋಸಾಫ್ಟ್ ಕೊಡುವ ಡೈರೆಕ್ಟ್‌ಎಕ್ಸ್ ಅನ್ನು ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿದ್ದ, ಅದರಿಂದ ಏನೂ ಬದಲಾಗಿರಲಿಲ್ಲ. ಬದಲಾಗುವಂತೆಯೂ ಇರಲಿಲ್ಲ. ಇಂದು ಡೌನ್‌ಲೋಡ್‌ಗೆ ಸಿಗುವ ಹಳೆಯ ಡೈರೆಕ್ಟ್‌ಎಕ್ಸ್ ಪ್ಯಾಕೇಜು ಹಳೆಯ ಗೇಮ್‌ಗಳಿಗೆ ಬೇಕಾದ ಕೆಲವು ಬಿಡಿ ಲೈಬ್ರರಿಗಳನ್ನು ತಂದಿಡುತ್ತದೆ, ಅಷ್ಟೆ. ಈ ಪ್ರಕರಣದ ಕೇಂದ್ರದಲ್ಲಿರುವ ಡೈರೆಕ್ಟ್‌ಶೋ, ಅಂದರೆ ಆಡಿಯೊ ಮತ್ತು ವಿಡಿಯೊ ಫೈಲ್‌ಗಳನ್ನು ನುಡಿಸುವ ಏರ್ಪಾಡು, ವಿಂಡೋಸ್‌ನದೇ ಭಾಗ. ಆ ಪ್ಯಾಕೇಜು ಅದನ್ನು ಮುಟ್ಟುವುದಿಲ್ಲ.

“ಇನ್ನೂ ಯಾವುದಾದ್ರೂ ಕೋಡೆಕ್ ಬೇಕಾ ಮಾಮ?” ಎಂದು ಕೇಳಿದ. ಇಂಥ ತೊಂದರೆಗೆ ಸಿಕ್ಕಿದವರೆಲ್ಲ ಕೇಳುವ ಪ್ರಶ್ನೆ ಇದೇ. ಆದರೆ ಕೋಡೆಕ್ ಇಲ್ಲದಿದ್ದರೆ ಸದ್ದೇ ಬರುವುದಿಲ್ಲ, ಇಲ್ಲವೇ ಗೇಮ್ ದೋಷದ ಸಂದೇಶ ತೋರಿಸುತ್ತದೆ. ಅರ್ಧ ಬರುವುದು, ಒಂದು ಸುತ್ತಿನ ನಂತರ ನಿಲ್ಲುವುದು, ಮಾತು ಹೋಗಿ ಸಂಗೀತ ಉಳಿಯುವುದು, ಇವೆಲ್ಲ ಇರಬಾರದ ಕೈಯೊಂದು ನಡುವೆ ಬಂದಿರುವುದರ ಲಕ್ಷಣ.

ಸದ್ದಿನ ಮೂರು ದಾರಿಗಳು

ಗೇಮ್ ತನ್ನ ಸದ್ದನ್ನು ತಾನೇ ಬಿಡಿಸಿಕೊಳ್ಳುತ್ತದೆಯೋ, ವಿಂಡೋಸ್‌ನ ಕೈಗೆ ಕೊಡುತ್ತದೆಯೋ ಎಂಬುದನ್ನು ತಿಳಿಯಲು ಗೇಮ್‌ನ ಫೋಲ್ಡರ್ ತೆರೆದು ನೋಡಿದರೆ ಬಹಳಷ್ಟು ಸಲ ಸಾಕು. ಬಿಂಕ್‌ಡಬ್ಲ್ಯೂ32 ಎಂಬ ಡಿಎಲ್‌ಎಲ್, ಅಂದರೆ ಪ್ರೋಗ್ರಾಮ್‌ಗಳು ಬಳಸುವ ಸಹಾಯಕ ಫೈಲ್, ಇದ್ದರೆ ಕಟ್‌ಸೀನ್‌ಗಳು ಬಿಂಕ್ ವಿಡಿಯೊದಲ್ಲಿವೆ. ಅದರ ಡಿಕೋಡರ್, ಅಂದರೆ ಬಿಡಿಸುವ ಭಾಗ, ಗೇಮ್‌ನ ಜೊತೆಗೇ ಬಂದಿರುತ್ತದೆ. ಎಂಎಸ್‌ಎಸ್32 ಇದ್ದರೆ ಮೈಲ್ಸ್ ಸೌಂಡ್ ಸಿಸ್ಟಮ್, ವೋರ್ಬಿಸ್ ಹೆಸರಿನ ಫೈಲ್‌ಗಳಿದ್ದರೆ ಆಗ್ ವೋರ್ಬಿಸ್. ಇಂಥ ಗೇಮ್‌ಗಳಲ್ಲಿ ಕಂಪ್ಯೂಟರಿನಲ್ಲಿ ಹಾಕಿದ ಕೋಡೆಕ್ ಪ್ಯಾಕ್‌ಗೆ ಸಾಮಾನ್ಯವಾಗಿ ಯಾವ ಪಾತ್ರವೂ ಇರುವುದಿಲ್ಲ. ಅಲ್ಲಿ ಸದ್ದು ಕೆಟ್ಟರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಅದೇ ಕಂಪ್ಯೂಟರಿನಲ್ಲಿ ಬೇರೆ ಗೇಮ್‌ಗಳು ಚೆನ್ನಾಗಿ ನಡೆಯುತ್ತಿದ್ದುದಕ್ಕೆ ಕಾರಣ ಇದೇ.

ಈ ಗೇಮ್‌ನ ಫೋಲ್ಡರಿನಲ್ಲಿ ಅವು ಯಾವುವೂ ಇರಲಿಲ್ಲ. ಸಂಗೀತದ ಫೋಲ್ಡರಿನಲ್ಲಿ ಬರೀ ಎಂಪಿ3. ಕಟ್‌ಸೀನ್‌ಗಳು ಎಂಪೆಗ್-1 ವಿಡಿಯೊ, ಅದರೊಳಗೆ ಲೇಯರ್ 2 ಆಡಿಯೊ. ಪಾತ್ರಗಳ ಚಿಕ್ಕ ಮಾತುಗಳು ವೇವ್ ಫೈಲ್‌ಗಳು. ಈ ವೇವ್ ಫೈಲ್‌ಗಳು ಒಂದು ಕ್ಷಣ ದಾರಿ ತಪ್ಪಿಸುತ್ತವೆ, ಏಕೆಂದರೆ ವೇವ್ ಎಂದರೆ ಸಂಕುಚಿಸದ ಸದ್ದು ಎಂದೇ ಹೆಚ್ಚಿನವರ ನಂಬಿಕೆ. ವಾಸ್ತವದಲ್ಲಿ ವೇವ್ ಬರೀ ಹೊದಿಕೆ. ಒಳಗೆ ಏನಿದೆ ಎಂದು ಹೇಳುವ ಗುರುತುಸಂಖ್ಯೆ ಫೈಲ್‌ನ ತಲೆಯಲ್ಲಿರುತ್ತದೆ. ಮಾಮೂಲಿ ವೇವ್ ಫೈಲ್ ಅನ್ನು, ಒಳಗಿನ ಬೈಟುಗಳನ್ನು ಹಾಗೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು, ಸೊನ್ನೆಯಿಂದ ಎಣಿಸಿ 20ನೇ ಬೈಟಿಗೆ ಹೋದರೆ ಅದು ಕಾಣುತ್ತದೆ. 1 ಎಂದಿದ್ದರೆ ಸಂಕುಚಿಸದ ಪಿಸಿಎಂ. 2 ಎಂದಿದ್ದರೆ ಮೈಕ್ರೋಸಾಫ್ಟ್ ಎಡಿಪಿಸಿಎಂ ಎಂಬ ಸಂಕುಚಿಸಿದ ಬಗೆ. ಹೆಕ್ಸ್ ಲೆಕ್ಕದ, ಅಂದರೆ ಹದಿನಾರರ ಎಣಿಕೆಯ, 11 ಇದ್ದರೆ ಐಎಂಎ ಎಡಿಪಿಸಿಎಂ. ಇಲ್ಲಿ ಇದ್ದದ್ದು ಅದೇ ಹೆಕ್ಸ್ ಲೆಕ್ಕದ 55, ಅಂದರೆ ವೇವ್ ಹೊದಿಕೆಯೊಳಗೆ ಎಂಪಿ3. ಸಿಡಿಯಲ್ಲಿ ಸುಮಾರು 700 ಮೆಗಾಬೈಟ್ ಜಾಗವಿದ್ದ ಕಾಲದಲ್ಲಿ ಗಂಟೆಗಟ್ಟಲೆ ಮಾತು ತುಂಬಲು ಇದು ಸಹಜವಾದ ಉಪಾಯವೇ ಆಗಿತ್ತು. ಸಿಡಿ ಗುಣಮಟ್ಟದ ಸ್ಟೀರಿಯೋ ಸದ್ದು ಸೆಕೆಂಡಿಗೆ 1,411 ಕಿಲೋಬಿಟ್ ತಿಂದರೆ, 128 ಕಿಲೋಬಿಟ್‌ನ ಎಂಪಿ3 ಅದರ ಹನ್ನೊಂದರಲ್ಲಿ ಒಂದು ಪಾಲಿನಷ್ಟು ಮಾತ್ರ.

ಅಲ್ಲಿಗೆ ದಾರಿಗಳು ಸ್ಪಷ್ಟವಾದವು. ಹೆಜ್ಜೆ, ಗುಂಡು ಮುಂತಾದವು ಪಿಸಿಎಂ. ಗೇಮ್ ಅವುಗಳನ್ನು ನೇರವಾಗಿ, ವಿಂಡೋಸ್‌ನಲ್ಲಿ ಸದ್ದು ಹೊರಡಿಸುವ ಭಾಗವಾದ ಡೈರೆಕ್ಟ್‌ಸೌಂಡ್‌ಗೆ ಕೊಡುತ್ತದೆ, ನಡುವೆ ಕೋಡೆಕ್‌ಗೆ ಕೆಲಸವಿಲ್ಲ. ಅದಕ್ಕೇ ಅವು ಸ್ವಚ್ಛ. ಸಂಗೀತ ಮತ್ತು ಕಟ್‌ಸೀನ್‌ಗಳು ಡೈರೆಕ್ಟ್‌ಶೋ ಮೂಲಕ. ಚಿಕ್ಕ ಮಾತುಗಳು ಎಸಿಎಂ ಮೂಲಕ. ಎಸಿಎಂ ಎಂದರೆ ವಿಂಡೋಸ್‌ನ ಹಳೆಯ ಆಡಿಯೊ ಕಂಪ್ರೆಷನ್ ಮ್ಯಾನೇಜರ್. ಕೋಡೆಕ್ ಪ್ಯಾಕ್ ಕೈಯಾಡಿಸಬಲ್ಲದ್ದು ಈ ಕೊನೆಯ ಎರಡು ದಾರಿಗಳಲ್ಲಿ, ಕೆಟ್ಟಿದ್ದದ್ದೂ ಆ ಎರಡೇ. ಡೈರೆಕ್ಟ್‌ಶೋ ಬಗ್ಗೆ ಮಾಡಿದ ಊಹೆಯನ್ನು ಆಮೇಲೆ ಪರೀಕ್ಷಿಸಿಯೂ ನೋಡಿದೆವು. ಅದು ಮುಂದೆ ಬರುತ್ತದೆ.

ಕರೆದವರು ಯಾರು, ಓಗೊಟ್ಟವರು ಯಾರು

ಡೈರೆಕ್ಟ್‌ಶೋ 1996ರಲ್ಲಿ ಆಕ್ಟಿವ್‌ಮೂವಿ ಎಂಬ ಹೆಸರಿನಲ್ಲಿ ಬಂದದ್ದು. ಅದರ ಮುಖ್ಯ ಡಿಎಲ್‌ಎಲ್‌ನ ಹೆಸರು ಇಂದಿಗೂ ಕ್ವಾರ್ಟ್ಜ್. ಅದರ ನಡೆ ಹೀಗೆ: ಗೇಮ್ “ಈ ಫೈಲ್ ನುಡಿಸು” ಎಂದಷ್ಟೇ ಹೇಳುತ್ತದೆ. ಯಾವ ಡಿಕೋಡರ್ ಬೇಕು ಎಂದು ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ನೋಂದಾಯಿಸಿಕೊಂಡಿರುವ ಫಿಲ್ಟರ್‌ಗಳಲ್ಲಿ, ಅಂದರೆ ಡಿಕೋಡರ್‌ನಂಥ ಬಿಡಿ ಭಾಗಗಳಲ್ಲಿ, ಯಾವುದು ಈ ಕೆಲಸ ಮಾಡಬಲ್ಲದು ಎಂದು ಡೈರೆಕ್ಟ್‌ಶೋ ಹುಡುಕಿ, ಒಂದಕ್ಕೊಂದು ಜೋಡಿಸಿ, ಫೈಲ್‌ನಿಂದ ಸ್ಪೀಕರಿನವರೆಗೆ ಸರಪಳಿ ಕಟ್ಟುತ್ತದೆ. ಒಂದೇ ಕೆಲಸಕ್ಕೆ ಹಲವು ಫಿಲ್ಟರ್‌ಗಳಿದ್ದರೆ ಮೆರಿಟ್ ಎಂಬ ಅಂಕ ನೋಡುತ್ತದೆ. ಹೆಕ್ಸ್ ಲೆಕ್ಕದಲ್ಲಿ 200000 ಇದ್ದರೆ ತಾನಾಗಿ ಬಳಸಬಾರದು, 400000 ಇದ್ದರೆ ಬೇರೆ ಯಾರೂ ಸಿಗದಿದ್ದರೆ, 600000 ಸಾಮಾನ್ಯ, 800000 ಆದ್ಯತೆ. ಈ ಅಂಕವನ್ನು ಫಿಲ್ಟರ್ ತಾನೇ ಬರೆದುಕೊಳ್ಳುತ್ತದೆ, ಸಮಸ್ಯೆಯ ಬೇರು ಇರುವುದೂ ಅಲ್ಲೇ. ತನ್ನ ಡಿಕೋಡರ್ ಎಲ್ಲ ಸಿನಿಮಾಗಳಿಗೂ ಬಳಕೆಯಾಗಲಿ ಎಂದು ಪ್ಯಾಕ್ ಅದಕ್ಕೆ 800000ಕ್ಕಿಂತ ದೊಡ್ಡ ಅಂಕ ಕೊಟ್ಟುಕೊಳ್ಳುತ್ತದೆ. ಎರಡನೆಯ ಪ್ಯಾಕ್ ಇನ್ನೂ ದೊಡ್ಡದು. ಸಿನಿಮಾ ಪ್ಲೇಯರ್‌ಗೆಂದು ಮಾಡಿದ ಈ ಏರ್ಪಾಡು, ತನಗೆ ಏನೂ ಗೊತ್ತಿಲ್ಲದ ಗೇಮ್‌ನ ಮೇಲೂ ಬೀಳುತ್ತದೆ. ಗೇಮ್ ಬರೆದವರು ವಿಂಡೋಸ್‌ನದೇ ಡಿಕೋಡರ್ ಸಿಗುತ್ತದೆಂದು ನಂಬಿ ಅದರೊಂದಿಗೆ ಪರೀಕ್ಷೆ ಮಾಡಿರುತ್ತಾರೆ. ಅವರು ಕಂಡೇ ಇರದ ಫಿಲ್ಟರ್ ಓಗೊಟ್ಟರೆ ಏನಾಗುತ್ತದೆಂದು ಯಾರೂ ನೋಡಿರುವುದಿಲ್ಲ.

ಆದ್ದರಿಂದ ಇಂಥ ಪ್ರಕರಣದಲ್ಲಿ ಕಂಪ್ಯೂಟರಿನಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ ಎಂಬ ಪಟ್ಟಿ ನನಗೆ ಅಷ್ಟು ಮುಖ್ಯವಲ್ಲ. ಗೇಮ್ ನಡೆಯುತ್ತಿರುವಾಗ ಅದರೊಳಗೆ ಯಾರು ಬಂದು ಕೂತಿದ್ದಾರೆ ಎಂಬುದೇ ಮುಖ್ಯ. ಅದನ್ನು ನೋಡಲು ಗೇಮ್ ಅನ್ನು ಕಿಟಕಿಯೊಳಗೆ ನಡೆಯುವಂತೆ ಸೆಟ್ಟಿಂಗ್ ಬದಲಿಸಿ ತೆರೆದೆವು. ಕಪ್ಪು ಪರದೆಯ ಗುಟ್ಟು ಅಲ್ಲೇ ಬಯಲಾಯಿತು. ಗೇಮ್‌ನ ಕಿಟಕಿಯ ಪಕ್ಕದಲ್ಲಿ ಚಿಕ್ಕ ಪೆಟ್ಟಿಗೆಯೊಂದು ಎದ್ದು, ಈ ಪ್ರೋಗ್ರಾಮ್ ನನ್ನನ್ನು ಬಳಸಬಹುದೇ ಎಂದು ಕೇಳುತ್ತಿತ್ತು. ಅದು ಮೊದಲ ಪ್ಯಾಕ್‌ನ ಡಿಕೋಡರ್. ಪೂರ್ತಿ ಪರದೆಯಲ್ಲಿ ಆಡುವಾಗ ಈ ಪೆಟ್ಟಿಗೆ ಗೇಮ್‌ನ ಹಿಂದೆ ಅಡಗಿರುತ್ತಿತ್ತು, ಉತ್ತರ ಸಿಗುವವರೆಗೆ ಗೇಮ್ ಕಾಯುತ್ತಿತ್ತು. ಹುಡುಗ ಕೀಗಳನ್ನೆಲ್ಲ ಒತ್ತುವಾಗ ಎಂಟರ್ ಕೀ ಆ ಕಾಣದ ಪೆಟ್ಟಿಗೆಗೆ ‘ಹೌದು’ ಎನ್ನುತ್ತಿತ್ತು. ಪೆಟ್ಟಿಗೆ ಮುಚ್ಚಿದ ಕೂಡಲೇ ಟಾಸ್ಕ್‌ಬಾರಿನ ಮೂಲೆಯಲ್ಲಿ ಆ ಡಿಕೋಡರ್‌ನ ಐಕಾನ್ ಕಾಣಿಸಿಕೊಂಡಿತು. ಗೇಮ್ ತೆರೆದಾಗ ಮೂಲೆಯಲ್ಲಿ ಹೊಸ ಐಕಾನ್ ಹುಟ್ಟಿಕೊಂಡರೆ ಅದನ್ನು ಹಗುರವಾಗಿ ಕಾಣಬೇಡಿ. ಯಾವ ಉಪಕರಣವೂ ಇಲ್ಲದೆ ಸಿಗುವ ಪುರಾವೆ ಅದು.

ಇನ್ನಷ್ಟು ಖಚಿತಪಡಿಸಿಕೊಳ್ಳಲು ಮೈಕ್ರೋಸಾಫ್ಟ್‌ನ ಪ್ರೋಸೆಸ್ ಎಕ್ಸ್‌ಪ್ಲೋರರ್ ತೆರೆದೆ. ಗೇಮ್‌ನ ಹೆಸರಿನ ಮೇಲೆ ಕ್ಲಿಕ್ ಮಾಡಿ, ಕೆಳಗಿನ ಭಾಗದಲ್ಲಿ ಡಿಎಲ್‌ಎಲ್ ಪಟ್ಟಿ ತೋರುವಂತೆ ಮಾಡಿ, ಫೈಲ್ ಇರುವ ಜಾಗದ ಪ್ರಕಾರ ವಿಂಗಡಿಸಿದರೆ ವಿಂಡೋಸ್ ಫೋಲ್ಡರಿನಿಂದ ಬಂದವು ಒಂದು ಕಡೆ, ಹೊರಗಿನಿಂದ ಬಂದವು ಇನ್ನೊಂದು ಕಡೆ ಸೇರುತ್ತವೆ. ಕ್ವಾರ್ಟ್ಜ್, ಡೈರೆಕ್ಟ್‌ಸೌಂಡ್‌ನ ಡಿಸೌಂಡ್ ಇದ್ದವು. ಡೈರೆಕ್ಟ್‌ಶೋ ಬಳಕೆಯಲ್ಲಿದೆ ಎಂಬ ಊಹೆ ನಿಜವಾಯಿತು. ಜೊತೆಗೆ ಎರಡೂ ಪ್ಯಾಕ್‌ಗಳ ಫೋಲ್ಡರಿನಿಂದ ಬಂದ ಎಎಕ್ಸ್ ಕೊನೆಯ ಫೈಲ್‌ಗಳೂ ಇದ್ದವು. ಎಎಕ್ಸ್ ಎಂದರೆ ಡೈರೆಕ್ಟ್‌ಶೋ ಫಿಲ್ಟರ್. ಒಂದೇ ಗೇಮ್‌ನೊಳಗೆ ಎರಡು ಮನೆಯವರು.

ಆಮೇಲೆ ಗ್ರಾಫ್‌ಸ್ಟುಡಿಯೋನೆಕ್ಸ್ಟ್. ಡೈರೆಕ್ಟ್‌ಶೋ ಕಟ್ಟುವ ಸರಪಳಿಯನ್ನು ಪೆಟ್ಟಿಗೆಗಳ ಚಿತ್ರವಾಗಿ ತೋರಿಸುವ ಉಚಿತ ಪ್ರೋಗ್ರಾಮ್ ಇದು. ಇಲ್ಲಿ ಬಹಳ ಜನ ಎಡವುವ ಕಲ್ಲೊಂದಿದೆ. 64 ಬಿಟ್ ಆವೃತ್ತಿಯಲ್ಲಿ ಗೇಮ್‌ನ ಎಂಪಿ3 ತೆರೆದರೆ ಸರಪಳಿ ಚೊಕ್ಕಟವಾಗಿ ಕಾಣುತ್ತದೆ: ಎಲ್ಲ ವಿಂಡೋಸ್‌ನವೇ. 32 ಬಿಟ್ ಆವೃತ್ತಿಯಲ್ಲಿ ತೆರೆದರೆ ಚಿತ್ರವೇ ಬೇರೆ. 64 ಬಿಟ್ ವಿಂಡೋಸ್‌ನಲ್ಲಿ ಎರಡು ಲೋಕಗಳಿವೆ. 32 ಬಿಟ್ ಪ್ರೋಗ್ರಾಮ್‌ಗೆ 64 ಬಿಟ್ ಫಿಲ್ಟರ್ ಕಾಣುವುದಿಲ್ಲ, 64 ಬಿಟ್ ಪ್ರೋಗ್ರಾಮ್‌ಗೆ 32 ಬಿಟ್ ಫಿಲ್ಟರೂ ಕಾಣುವುದಿಲ್ಲ. ಹೆಸರುಗಳೂ ಗೊಂದಲ ಹುಟ್ಟಿಸುವಂಥವು: ಸಿಸ್ಟಮ್32 ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲ್‌ಗಳು, ಸಿಸ್‌ವಾವ್64ರಲ್ಲಿ ಇರುವುದು 32 ಬಿಟ್ ಫೈಲ್‌ಗಳು. ಹಳೆಯ ಗೇಮ್ 32 ಬಿಟ್‌ನದಾದರೆ ನೋಡಬೇಕಾದ ಲೋಕವೂ 32 ಬಿಟ್‌ನದೇ.

ಆ ಲೋಕದಲ್ಲಿ ಸಂಗೀತದ ಸರಪಳಿ ಉದ್ದವಾಗಿತ್ತು. ಮೊದಲ ಪ್ಯಾಕ್‌ನ ಡಿಕೋಡರ್ ಎಂಪಿ3ಯನ್ನು ಬಿಡಿಸಿ ಪಿಸಿಎಂ ಮಾಡುತ್ತಿತ್ತು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡನೆಯ ಪ್ಯಾಕ್‌ನ ಆಡಿಯೊ ಫಿಲ್ಟರ್ ಪಿಸಿಎಂ ಅನ್ನೂ ತಾನು ಸಂಸ್ಕರಿಸುತ್ತೇನೆಂದು ನೋಂದಾಯಿಸಿಕೊಂಡಿತ್ತಾದ್ದರಿಂದ ಡೈರೆಕ್ಟ್‌ಶೋ ಅದನ್ನೂ ನಡುವೆ ಕೂರಿಸಿತ್ತು. ಕೊನೆಯವರೆಗೆ ನುಡಿಸಿ, ಮತ್ತೆ ಮೊದಲಿಗೆ ತಂದು ನುಡಿಸಿದಾಗ ಇಲ್ಲೂ ಮೌನ. ಗೇಮ್ ಸಂಗೀತವನ್ನು ಮರುಕಳಿಸುವುದೂ ಹಾಗೆಯೇ: ಫೈಲ್ ಮುಗಿದ ಸುದ್ದಿ ಬಂದ ಮೇಲೆ ಸ್ಥಾನವನ್ನು ಸೊನ್ನೆಗೆ ತರುತ್ತದೆ. ಮುಗಿದ ಫೈಲ್ ಅನ್ನು ಮತ್ತೆ ಶುರು ಮಾಡುವುದು ಸಿನಿಮಾ ನೋಡುವವರಿಗೆ ಅಪರೂಪ, ಗೇಮ್‌ಗೆ ಅದೇ ನಿತ್ಯದ ಕೆಲಸ. ತೊಂದರೆ ಈಗ ಗೇಮ್‌ನ ಹೊರಗೂ ಬೇಕೆಂದಾಗ ಬರುವಂತಾಯಿತು. ರಿಪೇರಿ ಕೆಲಸದಲ್ಲಿ ನನಗೆ ಅತ್ಯಂತ ನೆಮ್ಮದಿ ಕೊಡುವ ಘಳಿಗೆ ಇದು. ಇನ್ನು ಊಹೆ ಮಾಡುವ ಅಗತ್ಯವಿಲ್ಲ.

ಒಬ್ಬನನ್ನು ಎಬ್ಬಿಸಿದರೆ ಇನ್ನೊಬ್ಬ

ಏನನ್ನಾದರೂ ತೆಗೆಯುವ ಮೊದಲು ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಮಾಡಿದೆವು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಕೋಡೆಕ್‌ಗಳ ಹೆಸರಿರುವ ಡ್ರೈವರ್ಸ್32 ಎಂಬ ಕೀಯನ್ನು, 32 ಬಿಟ್ ಕಡೆಯದು ಮತ್ತು 64 ಬಿಟ್ ಕಡೆಯದು ಎರಡನ್ನೂ, ಫೈಲ್‌ಗೆ ಎಕ್ಸ್‌ಪೋರ್ಟ್ ಮಾಡಿ ಇಟ್ಟೆವು. ಈ ಎಕ್ಸ್‌ಪೋರ್ಟ್ ಮುಂದೆ ನಮ್ಮನ್ನು ಕಾಪಾಡಿತು.

ಹುಡುಗನಿಗೆ ಎರಡೂ ಪ್ಯಾಕ್ ತೆಗೆದುಹಾಕಿ ಮುಗಿಸಿಬಿಡುವ ಆತುರ. ನನಗೆ ಬೇಡವೆನಿಸಿತು. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಯಾವುದರಿಂದ ಯಾವ ತೊಂದರೆ ಬಂದಿತ್ತು ಎಂದು ಮತ್ತೆಂದೂ ತಿಳಿಯುವುದಿಲ್ಲ. ಏನಾದರೂ ಉಳಿದುಕೊಂಡರೆ ಹುಡುಕುವ ದಾರಿಯೂ ಮುಚ್ಚುತ್ತದೆ. ಮೊದಲ ಪ್ಯಾಕ್‌ನ ಡಿಕೋಡರ್‌ನಲ್ಲಿ, ಇಂತಿಂಥ ಪ್ರೋಗ್ರಾಮ್‌ಗಳಲ್ಲಿ ನಾನು ಬರುವುದಿಲ್ಲ ಎಂದು ಹೇಳುವ ಪಟ್ಟಿಯೊಂದಿತ್ತು. ಅದಕ್ಕೆ ಗೇಮ್‌ನ ಇಎಕ್ಸ್‌ಇ ಹೆಸರು ಸೇರಿಸಿದೆವು. ಅಷ್ಟಕ್ಕೇ ಕಪ್ಪು ಪರದೆ ಹೋಯಿತು, ಸಂಗೀತ ಮುಗಿದ ಮೇಲೆ ಮತ್ತೆ ಶುರುವಾಯಿತು. ಎರಡು ತೊಂದರೆಗಳು ಮೊದಲ ಪ್ಯಾಕ್‌ನ ಲೆಕ್ಕಕ್ಕೆ ಸೇರಿದವು.

ಕಟ್‌ಸೀನ್‌ನ ಮಾತು ಮಾತ್ರ ಹಾಗೆಯೇ ಮಾಯ. ಎಂಪೆಗ್ ಫೈಲ್ ಅನ್ನು 32 ಬಿಟ್ ಗ್ರಾಫ್‌ಸ್ಟುಡಿಯೋನೆಕ್ಸ್ಟ್‌ನಲ್ಲಿ ತೆರೆದರೆ ಆಡಿಯೊ ಬಿಡಿಸುತ್ತಿದ್ದುದು ಎರಡನೆಯ ಪ್ಯಾಕ್‌ನ ಫಿಲ್ಟರ್. ಅಂಕದಲ್ಲಿ ಅದೇ ಮುಂದಿತ್ತು. ಫಿಲ್ಟರ್‌ನಿಂದ, ಸದ್ದನ್ನು ಹೊರಗೆ ಕೊಡುವ ಕೊನೆಯ ಕೊಂಡಿಯಾದ ರೆಂಡರರ್‌ಗೆ ಹೋಗುವ ಗೆರೆಯ ಮೇಲೆ ಕ್ಲಿಕ್ ಮಾಡಿ ಅಲ್ಲಿ ಹರಿಯುವ ಸದ್ದಿನ ವಿವರ ನೋಡಿದೆ. ಒಳಗೆ ಬರುವುದು 2 ಚಾನೆಲ್, ಹೊರಗೆ ಹೋಗುವುದು 6.

ಫಿಲ್ಟರ್‌ನ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ 5.1, ಅಂದರೆ ಆರು ಸ್ಪೀಕರ್‌ಗಳಿಗೆ, ಎಂದಿತ್ತು, ಸ್ಟೀರಿಯೋ ಸದ್ದನ್ನು ಆರು ಚಾನೆಲ್‌ಗಳಿಗೆ ಹಂಚುವ ಮ್ಯಾಟ್ರಿಕ್ಸ್ ಡಿಕೋಡಿಂಗ್ ಕೂಡ ಆನ್ ಆಗಿತ್ತು. ಈ ಹಂಚಿಕೆ ಹೇಗೆ ನಡೆಯುತ್ತದೆಂದು ತಿಳಿದರೆ ಮಾತು ಎಲ್ಲಿ ಹೋಯಿತು ಎಂಬುದು ತಾನಾಗಿ ತಿಳಿಯುತ್ತದೆ. ಎಡ ಮತ್ತು ಬಲ ಎರಡರಲ್ಲೂ ಒಂದೇ ಸಮನಾಗಿರುವ ಸದ್ದನ್ನು ಮ್ಯಾಟ್ರಿಕ್ಸ್ ಪತ್ತೆ ಹಚ್ಚಿ ನಡುವಿನ ಸ್ಪೀಕರಿಗೆ ಕಳುಹಿಸುತ್ತದೆ, ಎಡಬಲಗಳಿಂದ ಅದನ್ನು ಕಡಿಮೆ ಮಾಡುತ್ತದೆ. ಸ್ಟೀರಿಯೋ ಮಿಶ್ರಣದಲ್ಲಿ ಪಾತ್ರದ ಮಾತನ್ನು ಸಾಮಾನ್ಯವಾಗಿ ನಡುವೆ ಇಡುತ್ತಾರೆ, ಅಂದರೆ ಎಡಬಲಗಳಲ್ಲಿ ಸಮನಾಗಿ. ಸಂಗೀತದ ವಾದ್ಯಗಳು ಅತ್ತಿತ್ತ ಹರಡಿರುತ್ತವೆ. ಕೋಣೆಯ ಪ್ರತಿಧ್ವನಿ ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ಇರುತ್ತದೆ. ಹಾಗಾಗಿ ಮಾತು ನಡುವಿನ ಚಾನೆಲ್‌ಗೆ ಹೋಯಿತು, ಅದರ ಪ್ರತಿಧ್ವನಿ ಮಾತ್ರ ಎಡಬಲಗಳಲ್ಲಿ ಉಳಿಯಿತು. ಬಾವಿಯಿಂದ ಬಂದಂತೆ ಕೇಳಿಸುತ್ತಿದ್ದುದು ಅದೇ. ಹಿನ್ನೆಲೆ ಸಂಗೀತವೂ ಇದೇ ಫಿಲ್ಟರ್ ದಾಟಿ ಬರುತ್ತಿತ್ತು. ಅದರ ನಡುವಿನ ಭಾಗವೂ ಕರಗಿತ್ತು, ಆದರೆ ಹಾಡುವವರಿಲ್ಲದ ವಾದ್ಯಸಂಗೀತದಲ್ಲಿ ಕಿವಿಗೆ ಅದು ಅಷ್ಟಾಗಿ ತಟ್ಟಿರಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆರು ಚಾನೆಲ್ ಬಂದರೆ ವಿಂಡೋಸ್ ಅದನ್ನು ಎರಡಕ್ಕೆ ಇಳಿಸಿ ಹೆಡ್‌ಫೋನ್‌ಗೆ ಕೊಡಬೇಕಲ್ಲ, ನಡುವಿನ ಚಾನೆಲ್ ಎಡಬಲಗಳಿಗೆ ಸೇರಬೇಕಲ್ಲ? ಸೌಂಡ್ ಸೆಟ್ಟಿಂಗ್‌ನ ಪ್ಲೇಬ್ಯಾಕ್ ಪಟ್ಟಿಯಲ್ಲಿ ಕಾನ್ಫಿಗರ್ ಒತ್ತಿದಾಗ ಉತ್ತರ ಸಿಕ್ಕಿತು. ಹಿಂದೆ ಆ ಕಂಪ್ಯೂಟರಿಗೆ 5.1 ಸ್ಪೀಕರ್ ಸೆಟ್ ಇತ್ತು. ಸ್ಪೀಕರ್ ಹೋಯಿತು, ಸೆಟ್ಟಿಂಗ್ ಉಳಿಯಿತು. ಆರು ಸ್ಪೀಕರ್‌ಗಳಿವೆ ಎಂದು ವಿಂಡೋಸ್ ನಂಬಿ, ಇಲ್ಲದ ನಡುವಿನ ಸ್ಪೀಕರಿಗೆ ಮಾತನ್ನು ನಿಷ್ಠೆಯಿಂದ ಕಳುಹಿಸುತ್ತಿತ್ತು. ಹೆಡ್‌ಫೋನ್‌ಗೆ ಸಿಗುತ್ತಿದ್ದುದು ಮುಂದಿನ ಎಡ, ಮುಂದಿನ ಬಲ ಎರಡೇ.

ಸ್ಪೀಕರ್ ಸೆಟ್ಟಿಂಗ್ ಅನ್ನು ಸ್ಟೀರಿಯೋಗೆ ಬದಲಿಸಿದೆವು, ಫಿಲ್ಟರ್ ಮುಟ್ಟಲಿಲ್ಲ: ಮಾತು ಬಂತು, ಆದರೆ ಮೂಲದಂತಿರಲಿಲ್ಲ, ತುಸು ಮಂಕು. ಮತ್ತೆ 5.1ಕ್ಕೆ ತಂದು ಫಿಲ್ಟರ್‌ನ ಔಟ್‌ಪುಟ್ ಅನ್ನು ಮಾತ್ರ ಎರಡು ಚಾನೆಲ್ ಮಾಡಿದೆವು: ಮಾತು ಪೂರ್ತಿ ಬಂತು. ಎರಡು ತಪ್ಪುಗಳು ಕೈ ಸೇರಿಸಿದಾಗಲೇ ಮಾತು ಮಾಯವಾಗುತ್ತಿತ್ತು. ಹಳೆಯ ಸ್ಪೀಕರ್ ಸೆಟ್ಟಿಂಗ್ ಎಷ್ಟೋ ಕಾಲ ಯಾರಿಗೂ ತೊಂದರೆ ಕೊಡದೆ ಅಲ್ಲೇ ಇತ್ತು. ಎರಡನೆಯ ಪ್ಯಾಕ್ ಬಂದ ಮೇಲೆ ಅದರ ಪರಿಣಾಮ ಹೊರಬಿತ್ತು. ಸಿನಿಮಾಗಳು ಚೆನ್ನಾಗಿಯೇ ಕೇಳುತ್ತಿದ್ದವು ಎಂದು ಹುಡುಗ ಹೇಳಿದ್ದೂ ಸರಿಯೇ. ಅವನು ಬಳಸುತ್ತಿದ್ದ ಪ್ಲೇಯರ್ ವಿಎಲ್‌ಸಿ. ಡಿಕೋಡರ್‌ಗಳೆಲ್ಲ ಅದರೊಳಗೇ ಇವೆ, ಡೈರೆಕ್ಟ್‌ಶೋ ಫಿಲ್ಟರ್‌ಗಳನ್ನು ಅದು ಕೇಳುವುದೇ ಇಲ್ಲ. ಅಂದರೆ ಸಿನಿಮಾಕ್ಕೆಂದು ಹಾಕಿದ ಮೊದಲ ಪ್ಯಾಕ್ ಸಿನಿಮಾಕ್ಕೆ ಒಂದು ದಿನವೂ ಬಳಕೆಯಾಗುತ್ತಿರಲಿಲ್ಲ. ಎರಡು ಪ್ಯಾಕ್‌ಗಳೂ ಮೈಮೇಲೆ ಬಂದದ್ದು ಗೇಮ್‌ಗೆ ಮಾತ್ರ. ಇದು ನನಗೆ ನಿಜಕ್ಕೂ ನೋವು ತಂದ ಸಂಗತಿ, ಏಕೆಂದರೆ ಇದೇ ಸ್ಥಿತಿಯಲ್ಲಿರುವ ಕಂಪ್ಯೂಟರ್‌ಗಳು ಎಷ್ಟೋ ಇವೆ.

ತೆಗೆದ ಮೇಲೆ ಬಂದ ಮೌನ

ಪ್ಯಾಕ್‌ಗಳ ಅಗತ್ಯವಿಲ್ಲವೆಂದು ಖಚಿತವಾದ ಮೇಲೆ ತೆಗೆಯಲು ನಿರ್ಧರಿಸಿದೆವು. ಹಾಕಿದ ಕ್ರಮಕ್ಕೆ ತಿರುಗಿಸಿ, ಕೊನೆಗೆ ಬಂದದ್ದನ್ನು ಮೊದಲು. ಎರಡನೆಯ ಪ್ಯಾಕ್ ಮೊದಲ ಪ್ಯಾಕ್‌ನ ಬರಹದ ಮೇಲೆ ತನ್ನದನ್ನು ಬರೆದಿರುವ ಸಾಧ್ಯತೆ ಇರುತ್ತದೆ, ಹಿಂದುಮುಂದಾದರೆ ಉಳಿಕೆಗಳು ಹೆಚ್ಚು. ತೆಗೆದು, ಕಂಪ್ಯೂಟರ್ ಮರಳಿ ಶುರು ಮಾಡಿ, ಸ್ಪೀಕರ್ ಸೆಟ್ಟಿಂಗ್ ಅನ್ನು ಸ್ಟೀರಿಯೋ ಮಾಡಿದೆವು. 32 ಬಿಟ್ ಸರಪಳಿಗಳಲ್ಲಿ ಈಗ ವಿಂಡೋಸ್‌ನ ಫಿಲ್ಟರ್‌ಗಳು ಮಾತ್ರ. ಸಂಗೀತ ಸರಿ, ಕಟ್‌ಸೀನ್ ಸರಿ.

ಆದರೆ ಆಟದ ನಡುವಿನ ಚಿಕ್ಕ ಮಾತುಗಳು, ಇದುವರೆಗೆ ಸಿಡಿಯುತ್ತಾದರೂ ಬರುತ್ತಿದ್ದವು, ಈಗ ಪೂರ್ತಿ ನಿಂತುಹೋದವು. ಹುಡುಗನ ಮುಖ ಸಣ್ಣದಾಯಿತು. “ಮಾಮ, ಮೊದಲಿದ್ದುದಕ್ಕಿಂತ ಕೆಟ್ಟೋಯ್ತಲ್ಲ.”

ಕೆಟ್ಟಿರಲಿಲ್ಲ. ಮೂರನೆಯ ದಾರಿ, ಎಸಿಎಂ, ಈಗ ತನ್ನ ನಿಜವಾದ ಸ್ಥಿತಿ ತೋರಿಸುತ್ತಿತ್ತು. ಎಸಿಎಂನಲ್ಲಿ ಡೈರೆಕ್ಟ್‌ಶೋದಂಥ ಮೆರಿಟ್ ಅಂಕವಿಲ್ಲ. ಅದು ಡ್ರೈವರ್ಸ್32 ಕೀಯಲ್ಲಿರುವ ಸಾಲುಗಳನ್ನು ಓದಿ ಅಲ್ಲಿ ಹೆಸರಿಸಿರುವ ಫೈಲ್‌ಗಳನ್ನು ಬಳಸುತ್ತದೆ. ಎಂಪಿ3ಗೆ ಇರುವ ಸಾಲಿನ ಹೆಸರು ಎಂಎಸ್‌ಎಸಿಎಂ.ಎಲ್3ಎಸಿಎಂ, ಅದರಲ್ಲಿ ವಿಂಡೋಸ್ ಜೊತೆಗೇ ಬರುವ ಫ್ರೌನ್‌ಹೋಫರ್ ಕೋಡೆಕ್, ಎಲ್3ಕೋಡೆಕ್‌ಎ.ಎಸಿಎಂ ಎಂಬ ಫೈಲ್‌ನ ಹೆಸರು ಇರಬೇಕು. ನಾವು ಮೊದಲೇ ಮಾಡಿಟ್ಟ ಎಕ್ಸ್‌ಪೋರ್ಟ್ ತೆರೆದು ನೋಡಿದರೆ ಆ ಜಾಗದಲ್ಲಿ ಎರಡನೆಯ ಪ್ಯಾಕ್ ತನ್ನ ಫೈಲ್‌ನ ಹೆಸರು ಬರೆದುಕೊಂಡಿತ್ತು. ಸಿಡಿಯುವ ಮಾತಿನ ಹಿಂದೆ ಇದ್ದದ್ದು ಆ ಫೈಲ್. ಈಗ ರಿಜಿಸ್ಟ್ರಿಯಲ್ಲಿ ನೋಡಿದರೆ ಸಾಲೇ ಇಲ್ಲ. ಪ್ಯಾಕ್ ಹೋಗುವಾಗ ತಾನು ಬರೆದದ್ದನ್ನು ಅಳಿಸಿಕೊಂಡು ಹೋಗಿತ್ತು. ತಾನು ಬರುವ ಮೊದಲು ಅಲ್ಲಿ ಏನಿತ್ತೆಂದು ಅದು ನೆನಪಿಟ್ಟುಕೊಂಡಿರಲಿಲ್ಲ.

ಕೋಡೆಕ್ ಫೈಲ್ ಸಿಸ್‌ವಾವ್64ರಲ್ಲಿ ತನ್ನ ಪಾಡಿಗೆ ತಾನು ಕೂತಿತ್ತು. ಕಳೆದದ್ದು ಅದನ್ನು ತೋರಿಸುವ ಒಂದು ಸಾಲು. ಸಿಸ್ಟಮ್ ಫೈಲ್‌ಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಆದೇಶ ಇಲ್ಲಿ ಕೈ ಹಿಡಿಯುವುದಿಲ್ಲ. ಅದು ನೋಡುವುದು ಫೈಲ್‌ಗಳು ನೆಟ್ಟಗಿವೆಯೇ ಎಂದು, ಫೈಲ್ ನೆಟ್ಟಗೇ ಇತ್ತು. ಸಾಲು ಹೇಗಿರಬೇಕೆಂದು ತಿಳಿಯಲು ದೂರ ಹೋಗಬೇಕಾಗಲಿಲ್ಲ. ಪ್ಯಾಕ್ 32 ಬಿಟ್‌ನದಾದ್ದರಿಂದ ಅದೇ ಕಂಪ್ಯೂಟರಿನ 64 ಬಿಟ್ ಕಡೆಯ ಡ್ರೈವರ್ಸ್32 ಕೀಯನ್ನು ಮುಟ್ಟಿರಲಿಲ್ಲ, ಮೂಲ ಸಾಲು ಅಲ್ಲಿ ಹಾಗೆಯೇ ಇತ್ತು. ಅದನ್ನು ನೋಡಿಕೊಂಡು 32 ಬಿಟ್ ಕಡೆ, ಅಂದರೆ ವಾವ್6432ನೋಡ್ ಒಳಗಿನ ಅದೇ ಹೆಸರಿನ ಕೀಯಲ್ಲಿ, ಸ್ಟ್ರಿಂಗ್ ಬಗೆಯ ಸಾಲೊಂದನ್ನು ಸೇರಿಸಿ, ಸಿಸ್‌ವಾವ್64ರಲ್ಲಿರುವ ಫೈಲ್‌ನ ಪೂರ್ತಿ ವಿಳಾಸ ಬರೆದೆವು. ಗೇಮ್ ತೆರೆದಾಗ ಮಾತುಗಳು ಮೊದಲ ಅಕ್ಷರದಿಂದ ಕೊನೆಯವರೆಗೆ ನಿಚ್ಚಳವಾಗಿ ಬಂದವು.

ಉಳಿದ ಸಾಲುಗಳನ್ನೂ ಎರಡು ಕಡೆ ಹೋಲಿಸಿ ನೋಡಿದೆವು. ಎಡಿಪಿಸಿಎಂನ ಎರಡೂ ಸಾಲುಗಳು, ಜಿಎಸ್‌ಎಂ 6.10 ಮತ್ತು ಜಿ.711 ಎಂಬ ಬೇರೆ ಕೋಡೆಕ್‌ಗಳ ಸಾಲುಗಳು ಸರಿಯಾಗಿದ್ದವು. ಈ ಗೇಮ್‌ಗೆ ಅವು ಬೇಕಿಲ್ಲ, ಆದರೆ ಅದೇ ಕಾಲದ ಬೇರೊಂದು ಗೇಮ್‌ಗೆ ಬೇಕಾಗಬಹುದು. ಒಂದು ಸಾಲು ಈಗ ಇಲ್ಲದ ಫೈಲ್ ಅನ್ನು ತೋರಿಸುತ್ತಿತ್ತು, ಅದನ್ನು ಅಳಿಸಿದೆವು.

ನಿಜವಾಗಿಯೂ ಕೋಡೆಕ್ ಇಲ್ಲದಿರುವ ಸಂದರ್ಭಗಳೂ ಇವೆ, ಅದನ್ನು ಅಲ್ಲಗಳೆಯಲಾರೆ. ವಿಂಡೋಸ್‌ನ ಎನ್ ಆವೃತ್ತಿಗಳಲ್ಲಿ ಮೀಡಿಯಾ ಭಾಗವನ್ನೇ ತೆಗೆದು ಕೊಟ್ಟಿರುತ್ತಾರೆ. ಅಲ್ಲಿ ಕಟ್‌ಸೀನ್ ಬರದಿದ್ದರೆ ಮೈಕ್ರೋಸಾಫ್ಟ್ ಕೊಡುವ ಮೀಡಿಯಾ ಫೀಚರ್ ಪ್ಯಾಕ್ ಹಾಕಿಕೊಳ್ಳಬೇಕು. ಅಲ್ಲಿಯೂ ಯಾರದೋ ಕೋಡೆಕ್ ಪ್ಯಾಕ್‌ಗೆ ಕೈ ಹಾಕುವ ಅಗತ್ಯ ಬೀಳುವುದಿಲ್ಲ. ಪ್ಯಾಕ್ ಬೇಕೇ ಬೇಕೆನ್ನುವವರು ಕಸ್ಟಮ್ ಇನ್‌ಸ್ಟಾಲ್ ಆರಿಸಿ, ಸಂಕುಚಿಸದ ಆಡಿಯೊವನ್ನು ಸಂಸ್ಕರಿಸುವ ಆಯ್ಕೆಯನ್ನೂ ಎಸಿಎಂ ಕೋಡೆಕ್‌ಗಳನ್ನೂ ಬಿಟ್ಟು ಹಾಕಿಕೊಂಡರೆ ಗೇಮ್‌ಗಳಿಗೆ ತಾಗುವ ಬಿಸಿ ಬಹಳ ಕಡಿಮೆಯಾಗುತ್ತದೆ.

ಎಲ್ಲ ಸರಿಯಾದ ಮೇಲೆ ಹುಡುಗ ಇನ್ನೊಂದು ವಿಷಯ ಹಿಡಿದ. ಸಂಗೀತ ಮುಗಿದು ಮತ್ತೆ ಶುರುವಾಗುವ ಜಾಗದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಮೌನ. ಅವನ ಕಿವಿ ಈಗ ಹರಿತವಾಗಿತ್ತು, ಸಂತೋಷವಾಯಿತು. ಇದು ಕೋಡೆಕ್ ಜಗಳದ ಉಳಿಕೆಯಲ್ಲ. ಎಂಪಿ3 ಸದ್ದನ್ನು 1,152 ಮಾದರಿಗಳ, ಅಂದರೆ ಸದ್ದಿನ ಬಿಡಿ ಅಳತೆಗಳ, ಚೌಕಟ್ಟುಗಳಾಗಿ ಕತ್ತರಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಒಂದು ಚೌಕಟ್ಟು ಸುಮಾರು 26 ಮಿಲಿಸೆಕೆಂಡು. ಹಾಡಿನ ಉದ್ದ ಚೌಕಟ್ಟಿನ ಲೆಕ್ಕಕ್ಕೆ ಸರಿಯಾಗಿ ಕೂರದಿದ್ದಾಗ ಕೊನೆಗೆ ಮೌನ ತುಂಬುತ್ತಾರೆ, ಎನ್‌ಕೋಡರ್ ಶುರುವಿನಲ್ಲೂ ಸ್ವಲ್ಪ ಸೇರಿಸುತ್ತದೆ. ಗೇಮ್ ತಯಾರಾದ ದಿನವೇ ಆ ಮೌನ ಫೈಲ್‌ನೊಳಗೆ ಸೇರಿಕೊಂಡಿದೆ, ಕಂಪ್ಯೂಟರಿನ ಯಾವ ಸೆಟ್ಟಿಂಗ್‌ನಿಂದಲೂ ಅದು ಹೋಗುವುದಿಲ್ಲ. ಅದನ್ನು ಹಾಗೆಯೇ ಬಿಟ್ಟು, ಸರಿಯಾದ ಡ್ರೈವರ್ಸ್32 ಕೀಯ ಹೊಸ ಎಕ್ಸ್‌ಪೋರ್ಟ್ ಒಂದನ್ನು ಗೇಮ್‌ನ ಸೇವ್ ಫೈಲ್‌ಗಳ ಪಕ್ಕದಲ್ಲಿಟ್ಟು ಕೆಲಸ ಮುಗಿಸಿದೆವು.